ಲೋಕಲ್ ಟ್ರೇನಿನಲ್ಲಿ ಕನ್ನಡ ಮಾತಾಡಬೇಡಿ: ಮುಂಬೈಯ ಹೊಸ ಕನ್ನಡ ಸೈಕಾಲಜಿಸ್ಟರಿಗೆ ಒಂದು ಮಾರ್ಗದರ್ಶಿ

ನನ್ನ ತರಬೇತಿಯ ದಿನಗಳು. ಸಂಜೆ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಡೊಂಬಿವಲಿಗೆ ಹೊರಟಿದ್ದೆ. ಲೇಡೀಸ್ ಡಬ್ಬದಲ್ಲಿ ಹೇಗೋ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂರಲು ತುದಿ ಸಿಕ್ಕಿತ್ತು. ಆಗ ನನ್ನ ಸೂಪರ್‌ವೈಸರ್, ಅಂದರೆ ಕೇಸುಗಳಿಗೆ ದಾರಿ ಹೇಳುವ ಹಿರಿಯ ಸೈಕಾಲಜಿಸ್ಟ್, ಫೋನ್ ಮಾಡಿದರು. ಅವರೂ ಕನ್ನಡದವರು. ಸುತ್ತ ಎಲ್ಲ ಮರಾಠಿ, ಗುಜರಾತಿ. ಕನ್ನಡ ಯಾರಿಗೆ ತಿಳಿಯುತ್ತೆ ಅಂತ ಆ ದಿನದ ಕೇಸಿನ ಬಗ್ಗೆ ಹೇಳಿಬಿಟ್ಟೆ. ಹೆಸರು ಎತ್ತಲಿಲ್ಲ. "ಭಾಂಡುಪಿನ ಹೋಟೆಲಿನವರ ಸೊಸೆ, ಎರಡನೇ ಹೆರಿಗೆ ಆದಮೇಲೆ ನಿದ್ರೆ ಇಲ್ಲ" ಅಂದೆ, ಅಷ್ಟೇ. ಫೋನ್ ಇಟ್ಟೆ. ಎದುರು ಕೂತು ಬಟಾಣಿ ಸುಲಿಯುತ್ತಿದ್ದ ಹೆಂಗಸು ತಲೆ ಎತ್ತಿದರು. "ನಿಮ್ಮ ಊರು ಯಾವುದು ಮಾರಾಯ್ರೆ? ಭಾಂಡುಪಿನ ಯಾವ ಹೋಟೆಲು?"

ಠಾಣೆ ಬರುವವರೆಗೂ ನಾನು ಕಿಟಕಿ ಕಡೆಯೇ ನೋಡುತ್ತಿದ್ದೆ. ಹೆಸರು ಹೇಳದಿದ್ದರೆ ಗುಟ್ಟು ಉಳಿಯುತ್ತೆ ಅಂತ ನಂಬಿದ್ದೆ. ನಮ್ಮವರಿಗೆ ಹೆಸರು ಯಾಕೆ ಬೇಕು? ಯಾವ ಹೋಟೆಲು, ಯಾವ ಊರಿನ ಹೆಣ್ಣು, ಮಕ್ಕಳೆಷ್ಟು ಅಂತ ಗೊತ್ತಾದರೆ ಉಳಿದದ್ದನ್ನು ಅವರೇ ಹುಡುಕಿಕೊಳ್ಳುತ್ತಾರೆ.

ವೃತ್ತಿಯ ನೀತಿಸಂಹಿತೆಗಳನ್ನು ಓದಿದರೆ, ಕ್ಲೈಂಟೂ ಸೈಕಾಲಜಿಸ್ಟೂ ಕೋಣೆಯ ಹೊರಗೆ ಒಬ್ಬರನ್ನೊಬ್ಬರು ನೋಡುವುದೇ ಇಲ್ಲವೇನೋ ಅನ್ನಿಸುತ್ತದೆ. ಮಾಟುಂಗಾ, ಡೊಂಬಿವಲಿ, ಪುಣೆ, ಗೋವಾದ ವಾಸ್ಕೋದ ಕನ್ನಡಿಗರ ನಡುವೆ ಹಾಗೆ ಬದುಕಲು ಆಗಲ್ಲ. ಜನ ನನ್ನ ಹತ್ತಿರ ಬರುವುದು ನಾನು ಕನ್ನಡದವಳು ಅಂತ. ಹೆದರುವುದೂ ಅದಕ್ಕೇ. ಈಗಷ್ಟೇ ಕೋರ್ಸ್ ಮುಗಿಸಿ ಕ್ಲಿನಿಕ್ ತೆರೆಯುವವರಿಗೆ, ಎಲ್ಲಿಂದ ಶುರು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಇದರಲ್ಲಿ ಬರುವ ಜನರ ಊರು, ವಯಸ್ಸು, ಸಂಬಂಧ ಎಲ್ಲ ಬದಲಿಸಿದ್ದೇನೆ. ಭಾಂಡುಪ್ ಕೂಡ ಭಾಂಡುಪ್ ಅಲ್ಲ.

1. ಬಾಗಿಲು ತೆರೆಯುವ ಮೊದಲು ಬೋರ್ಡು ಸರಿ ಮಾಡಿ

"ಕ್ಲಿನಿಕಲ್ ಸೈಕಾಲಜಿಸ್ಟ್" ಅಂತ ಯಾರು ಬೇಕಾದರೂ ಬರೆದುಕೊಳ್ಳುವ ಹಾಗಿಲ್ಲ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮುಗಿಸಿ ಅದರ ಕೇಂದ್ರ ರಿಜಿಸ್ಟರಿನಲ್ಲಿ ಹೆಸರು ಸೇರಿಸಿರಬೇಕು. ಅಲ್ಲಿ ಸಿಗುವುದೇ ಸಿಆರ್‌ಆರ್ ನಂಬರ್. 1992ರ ಆರ್‌ಸಿಐ ಕಾಯ್ದೆಯ 13ನೇ ಕಲಮಿನ ಪ್ರಕಾರ, ನೋಂದಣಿ ಇಲ್ಲದೆ ಈ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ನೋಡಿ ನಗಬೇಡಿ, ಪಕ್ಕದಲ್ಲೇ ಜೈಲೂ ಇದೆ.

ಎಂಎ ಮಾಡಿ ಕೌನ್ಸೆಲಿಂಗ್ ಡಿಪ್ಲೊಮಾ ಮುಗಿಸಿದವರು "ಕೌನ್ಸೆಲರ್" ಅಂತಲೇ ಬರೆಯಿರಿ. ಅದರಲ್ಲಿ ಕೀಳು ಏನೂ ಇಲ್ಲ. ಆರ್‌ಸಿಐ ವ್ಯಾಪ್ತಿಗೆ ಬರದ ಸೈಕಾಲಜಿಸ್ಟರು, ಕೌನ್ಸೆಲರ್‌ಗಳಿಗಾಗಿ 2021ರಲ್ಲಿ ಬೇರೆ ಕಾಯ್ದೆಯೂ ಬಂದಿದೆ. ಅದರಡಿ ಒಂದು ರಾಷ್ಟ್ರೀಯ ಆಯೋಗ ಇದೆ. ಆ ಕಡೆಯ ನೋಂದಣಿಯ ಮೇಲೆ ಕಣ್ಣಿಟ್ಟಿರಿ.

ಇನ್ನು "ಡಾಕ್ಟ್ರೇ" ಅನ್ನುವ ಕರೆ. ನಮ್ಮವರು ಬಿಳಿ ಗೋಡೆ, ಮೇಜು, ಎರಡು ಕುರ್ಚಿ ಕಂಡರೆ ಡಾಕ್ಟ್ರೇ ಅಂದುಬಿಡುತ್ತಾರೆ. ಕೇಳಲು ಹಿತವಾಗಿರುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಮೊದಲ ಸಲವೇ ತಿದ್ದಬೇಕು: "ನಾನು ಮದ್ದು ಕೊಡುವ ಡಾಕ್ಟರ್ ಅಲ್ಲ. ಮಾತಾಡಿ, ಅಭ್ಯಾಸ ಮಾಡಿಸಿ ಸಹಾಯ ಮಾಡುವವಳು. ಮದ್ದು ಬೇಕಾದರೆ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತೇನೆ." ತಿದ್ದದೆ ಬಿಟ್ಟರೆ ಮೂರನೇ ವಾರಕ್ಕೆ ನಿದ್ರೆ ಮಾತ್ರೆ ಬರೆದುಕೊಡಿ ಅನ್ನುತ್ತಾರೆ. ಅದು ಅವರ ತಪ್ಪಲ್ಲ.

ನಂಬರನ್ನು ಬೋರ್ಡು, ರಸೀದಿ, ಲೆಟರ್‌ಹೆಡ್ ಮೂರರಲ್ಲೂ ಹಾಕಿ. ನವೀಕರಣದ ತಾರೀಖು ಮರೆಯಬೇಡಿ.

2. ಮೊದಲ ಹದಿನೈದು ನಿಮಿಷ

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಸಿದ್ಧ ಇರುತ್ತೆ. ಅದನ್ನೇ ಕನ್ನಡಕ್ಕೆ ತಿರುಗಿಸಿದರೆ "ಗೌಪ್ಯತೆಯ ಮಿತಿಗಳು" ಅಂತ ಏನೋ ಬರುತ್ತೆ. ಹೋಟೆಲಿನ ಅಡುಗೆಯವನಿಗೆ ಅದು ಬ್ಯಾಂಕಿನ ನೋಟಿಸ್ ತರ ಕಾಣುತ್ತದೆ. ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕಾಗದ. ನಾನು ಹೇಳುವುದು ಹೆಚ್ಚುಕಡಿಮೆ ಹೀಗೆ:

"ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ. ನಿಮ್ಮ ಮನೆಯವರು ಕೇಳಿದರೂ ಹೇಳುವುದಿಲ್ಲ, ಧಣಿ ಕೇಳಿದರೂ ಹೇಳುವುದಿಲ್ಲ. ಕೆಲವು ಹೊತ್ತಿನಲ್ಲಿ ಮಾತ್ರ ಹೇಳಬೇಕಾಗುತ್ತದೆ. ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ. ನಿಮ್ಮಿಂದ ಬೇರೆಯವರಿಗೆ ಅಪಾಯ ಅನ್ನಿಸಿದರೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ. ಕೋರ್ಟು ಆದೇಶ ಮಾಡಿದರೆ. ಆಗಲೂ, ಆಗುವಷ್ಟು ಮಟ್ಟಿಗೆ, ಮೊದಲು ನಿಮಗೆ ಹೇಳಿಯೇ ಬೇರೆಯವರಿಗೆ ಹೇಳುತ್ತೇನೆ."

ಆಮೇಲೆ ಫೀಸು ಎಷ್ಟು, ಎಷ್ಟು ಹೊತ್ತು, ಬರದಿದ್ದರೆ ಏನು, ನಾನು ಏನನ್ನು ಬರೆದಿಡುತ್ತೇನೆ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಅನ್ನುವುದು. ಕೊನೆಗೆ ಒಂದು ಪ್ರಶ್ನೆ: "ನಾನು ಹೇಳಿದ್ದರಲ್ಲಿ ನಿಮಗೆ ಏನು ತಿಳಿಯಿತು, ಒಮ್ಮೆ ಹೇಳಿ ನೋಡುವ?" ಪರೀಕ್ಷೆ ಮಾಡಿದ ಹಾಗೆ ಕೇಳಬೇಡಿ. ಆದರೆ ಕೇಳದೆ ಬಿಡಬೇಡಿ. "ಅಂದ್ರೆ ನೀವು ಯಾರಿಗೂ ಏನೂ ಹೇಳಲ್ಲ" ಅಂತಲೇ ಅರ್ಧಕ್ಕಿಂತ ಜಾಸ್ತಿ ಜನ ಹೇಳುತ್ತಾರೆ. ಆಗ ಆ ನಾಲ್ಕು ಹೊತ್ತುಗಳನ್ನು ಮತ್ತೆ ಹೇಳಬೇಕು.

ತಿಂಗಳಿಗೊಮ್ಮೆ ನಾನು ವಾಸ್ಕೋಗೆ ಒಂದು ಶಿಬಿರಕ್ಕೆ ಹೋಗುತ್ತೇನೆ. ಅಲ್ಲಿ ಬರುವವರು ಜಾಸ್ತಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಕೂಲಿಯವರು. ಸಹಿ ಮಾಡಿ ಅಂದರೆ ಅವರ ಮುಖ ಬದಲಾಗುತ್ತದೆ. ಸಹಿ ಅಂದರೆ ಅವರಿಗೆ ಸಾಲ, ಇಲ್ಲ ಕೆಲಸದಿಂದ ತೆಗೆದ ಕಾಗದ. ಅಲ್ಲಿ ನಾನು ಕಾಗದವನ್ನು ಎರಡನೇ ಭೇಟಿಗೆ ಇಟ್ಟುಕೊಳ್ಳುತ್ತೇನೆ. ಮೊದಲ ದಿನ ಬಾಯಿಮಾತಿನ ಒಪ್ಪಿಗೆ, ತಾರೀಖು ಹಾಕಿ ನನ್ನ ಪುಸ್ತಕದಲ್ಲಿ ಬರೆದಿಡುವುದು. ಕಾಗದದ ಆಸೆಗೆ ಮನುಷ್ಯನನ್ನೇ ಓಡಿಸಬಾರದು ಅಲ್ವಾ.

3. ಸಂಘದ ಹಾಲ್‌ನಲ್ಲಿ ಸಿಕ್ಕರೆ

ನನಗೆ ಅತಿ ಹೆಚ್ಚು ತಲೆ ತಿಂದದ್ದು ಇದು. ಕನ್ನಡ ಸಂಘದ ವಾರ್ಷಿಕೋತ್ಸವ. ಯಕ್ಷಗಾನಕ್ಕೆ ಇನ್ನೂ ಚೆಂಡೆ ಬಿದ್ದಿರಲಿಲ್ಲ, ಊಟದ ಸಾಲು ನಡೆಯುತ್ತಿತ್ತು. ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಹಿಂದಿನಿಂದ ಒಬ್ಬರು ಹಿರಿಯ ಹೆಂಗಸು ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಡಾಕ್ಟ್ರೇ, ನಮ್ಮ ಸೊಸೆ ನಿಮ್ಮಲ್ಲಿಗೆ ಬರ್ತಾಳಂತಲ್ಲ. ಏನಂತೆ ಅವಳಿಗೆ ಕಷ್ಟ? ನಾವು ಏನು ಕಡಿಮೆ ಮಾಡಿದ್ದೇವೆ?"

ಇಲ್ಲ ಅಂದರೆ ಸುಳ್ಳು. ಹೌದು ಅಂದರೆ ಗುಟ್ಟು ಹೋಯಿತು. ಸುಮ್ನೆ ನಕ್ಕರೆ ಹೌದು ಅಂದ ಹಾಗೇ. ನಾನು ಹೇಳಿದ್ದು: "ಅಮ್ಮ, ಯಾರು ಬರ್ತಾರೆ ಯಾರು ಬರಲ್ಲ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾಳೆ ನೀವೇ ಬಂದರೂ ನಿಮ್ಮ ಸೊಸೆಗೆ ಹೇಳುವುದಿಲ್ಲ." "ನಾನ್ಯಾಕೆ ಬರಲಿ!" ಅಂದರು, ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಈ ಉತ್ತರಕ್ಕೆ ಬೆಲೆ ಬರಬೇಕಾದರೆ ಎಲ್ಲರಿಗೂ, ಎಲ್ಲ ಸಲವೂ ಇದೇ ಉತ್ತರ ಕೊಡಬೇಕು. ಬರದವರ ಬಗ್ಗೆ ಕೇಳಿದಾಗ "ಅಯ್ಯೋ ಅವರು ನನ್ನ ಹತ್ತಿರ ಬಂದೇ ಇಲ್ಲ" ಅಂತ ಒಮ್ಮೆ ಹೇಳಿದಿರೋ, ಮುಗಿಯಿತು. ಮುಂದಿನ ಸಲ ನೀವು "ಹೇಳುವುದಿಲ್ಲ" ಅಂದರೆ ಅದೇ "ಹೌದು" ಆಗುತ್ತದೆ.

ಮೊದಲ ಭೇಟಿಯಲ್ಲೇ ಕ್ಲೈಂಟಿಗೆ ಇದನ್ನೂ ಹೇಳಿಡಿ: "ನಾವು ಸಂಘದಲ್ಲೋ ಮದುವೆಯಲ್ಲೋ ಸಿಗಬಹುದು. ನಾನಾಗಿ ನಿಮ್ಮನ್ನು ಮಾತಾಡಿಸುವುದಿಲ್ಲ. ಅದು ಸೊಕ್ಕು ಅಲ್ಲ. ನೀವು ನಗಾಡಿದರೆ ನಾನೂ ನಗಾಡುತ್ತೇನೆ, ನೀವು ಮಾತಾಡಿಸಿದರೆ ಮಾತಾಡುತ್ತೇನೆ. ಇಲ್ಲಿಯ ವಿಷಯ ಮಾತ್ರ ಅಲ್ಲಿ ಬೇಡ."

ಯಾರನ್ನು ಕ್ಲೈಂಟ್ ಆಗಿ ತೆಗೆದುಕೊಳ್ಳಬಾರದು? ನೆಂಟರು, ನಿಕಟ ಗೆಳೆಯರು, ಅವರ ಜೊತೆ ಒಂದೇ ಮನೆಯಲ್ಲಿರುವವರು, ನಿಮಗೆ ಸಾಲ ಕೊಟ್ಟವರು, ನಿಮ್ಮ ಕೆಳಗೆ ಕೆಲಸ ಮಾಡುವವರು: ಬೇಡವೇ ಬೇಡ. ಕಾರ್ಯಕ್ರಮಗಳಲ್ಲಿ ದೂರದಿಂದ ಕಂಡ ಮುಖ: ಅಡ್ಡಿಯಿಲ್ಲ, ಮೊದಲೇ ಬಿಚ್ಚಿ ಮಾತಾಡಿಕೊಳ್ಳಿ. ಇವೆರಡರ ನಡುವೆ ಬರುವವರೇ ಕಷ್ಟ. ನಾನು ಸಂಘವೊಂದರ ಕಾರ್ಯಕಾರಿ ಸಮಿತಿಯಲ್ಲಿದ್ದೆ. ಸಮಿತಿಯ ಇಬ್ಬರ ಮನೆಯವರು ಒಂದೇ ತಿಂಗಳಲ್ಲಿ ಬಂದು ಕೇಳಿದರು. ಕನ್ನಡದಲ್ಲಿ ಮಾತಾಡುವ ಬೇರೆ ಯಾರನ್ನು ಹೇಳಲಿ? ಕೊನೆಗೆ ಇಬ್ಬರನ್ನೂ ಆನ್‌ಲೈನಿನಲ್ಲಿ ಬೆಂಗಳೂರಿನ ಒಬ್ಬರ ಹತ್ತಿರ ಕಳಿಸಿದೆ. ಆ ವರ್ಷವೇ ಸಮಿತಿಯನ್ನೂ ಬಿಟ್ಟೆ. ನಾಟಕದ ತಾಲೀಮು, ಚಕ್ಕುಲಿ ಸ್ಟಾಲು ಎಲ್ಲ ತಪ್ಪಿತು. ಈಗಲೂ ಸ್ವಲ್ಪ ಬೇಜಾರಿದೆ.

"ಕನ್ನಡದವರು ನೀವೊಬ್ಬರೇ, ನೀವೇ ಬಿಟ್ಟರೆ ಹೇಗೆ" ಅನ್ನುವ ಮಾತಿಗೆ ಕರಗಬೇಡಿ. ಅದು ಹೊಗಳಿಕೆ, ಸಿಕ್ಕಿಬೀಳುವುದೂ ಅಲ್ಲೇ.

ಕ್ಲೈಂಟ್ ಜೊತೆ ಪ್ರೇಮ, ದೇಹಸಂಬಂಧ ಎಂದೂ ಇಲ್ಲ. ಅಮೆರಿಕದ ಸೈಕಾಲಜಿಸ್ಟರ ಸಂಹಿತೆ ಚಿಕಿತ್ಸೆ ಮುಗಿದು ಕನಿಷ್ಠ ಎರಡು ವರ್ಷ ಅನ್ನುತ್ತದೆ, ಆಮೇಲೂ ಸುಲಭಕ್ಕೆ ಬಿಡುವುದಿಲ್ಲ. ನನ್ನ ಲೆಕ್ಕದಲ್ಲಿ ಅದಕ್ಕೆ ವರ್ಷವೇ ಇಲ್ಲ. ಕೋಣೆಯಲ್ಲಿ ಒಬ್ಬರು ಮನಸ್ಸು ಬಿಚ್ಚಿದ್ದಾರೆ, ಇನ್ನೊಬ್ಬರು ಬಿಚ್ಚಿಲ್ಲ. ಆ ಏರುಪೇರು ಹೋಗುವುದಿಲ್ಲ.

4. ದುಡ್ಡು ಕೊಡುವವರು ಬೇರೆ, ಕುರ್ಚಿಯಲ್ಲಿ ಕೂರುವವರು ಬೇರೆ

ಇದು ಮುಂಬೈ ಹೋಟೆಲ್ ಲೋಕದಲ್ಲಿ ನಿತ್ಯದ ಮಾತು. ಹುಡುಗ ಊರಿನಿಂದ ಬಂದಿದ್ದಾನೆ, ಹೋಟೆಲಿನ ಮಾಳಿಗೆಯಲ್ಲೇ ಮಲಗುತ್ತಾನೆ. ಕುಡಿತ ಜಾಸ್ತಿ ಆಗಿದೆ. ಧಣಿಯೇ ಕರೆದುಕೊಂಡು ಬರುತ್ತಾರೆ, ಧಣಿಯೇ ಫೀಸು ಕೊಡುತ್ತಾರೆ. ಒಳ್ಳೆಯವರು, ಅನುಮಾನವಿಲ್ಲ. ಎರಡನೇ ವಾರ ಫೋನ್: "ಹುಡುಗ ಏನಂತಾನೆ? ಬಿಟ್ನಾ? ಇಲ್ಲ ಊರಿಗೆ ಕಳಿಸಿಬಿಡಲಾ?"

ಆ ಹುಡುಗನ ಕೆಲಸ, ಸೂರು, ಚಿಕಿತ್ಸೆ ಮೂರೂ ಒಂದೇ ಕೈಯಲ್ಲಿವೆ. ನೀವು ಬಾಯಿ ತಪ್ಪಿ ಒಂದು ಮಾತು ಹೇಳಿದರೆ ಮೂರೂ ಒಟ್ಟಿಗೆ ಹೋಗುತ್ತವೆ. ಅದಕ್ಕೇ ಮೊದಲ ದಿನ ಮೂವರೂ ಕೂತು ಮಾತು ಮುಗಿಸಿ. ಧಣಿಗೆ ಏನು ತಿಳಿಯುತ್ತದೆ? ರಸೀದಿ: ತಾರೀಖು, ಮೊತ್ತ. ಹುಡುಗ ಒಪ್ಪಿದರೆ ಬರುತ್ತಿದ್ದಾನೋ ಇಲ್ಲವೋ ಅನ್ನುವುದು. ಅಷ್ಟೇ. "ನಾನೇ ದುಡ್ಡು ಕೊಡೋದಲ್ವಾ" ಅಂದರೆ ನಾನು ಹೇಳುವುದು: "ಹೌದು ಅಣ್ಣ, ಹಾಗಾಗಿ ನಿಮ್ಮ ದುಡ್ಡು ದಂಡ ಆಗಬಾರದು. ಅವನಿಗೆ ನನ್ನ ಮೇಲೆ ನಂಬಿಕೆ ಹೋದರೆ ನಿಮ್ಮ ದುಡ್ಡೂ ಹೋಯಿತು." ವ್ಯವಹಾರಸ್ಥರಿಗೆ ಈ ಭಾಷೆ ತಟ್ಟನೆ ತಿಳಿಯುತ್ತದೆ.

ವಾಸ್ಕೋದಲ್ಲಿ ಇದೇ ಪಾತ್ರ ಮೇಸ್ತ್ರಿಯದ್ದು. "ಇಂವಗ ತಲಿ ಸರಿ ಇಲ್ರಿ, ನೋಡ್ರಿ" ಅಂತ ಪಕ್ಕದಲ್ಲೇ ನಿಲ್ಲುತ್ತಾನೆ. ಮರ್ಯಾದೆಯಿಂದ ಚಹಾ ಕುಡಿಯಲು ಹೊರಗೆ ಕಳಿಸಿ. ಪುಣೆಯ ಐಟಿ ಕಂಪನಿ ನೌಕರರ ಫೀಸು ಕೊಡುವಾಗಲೂ ನಿಯಮ ಒಂದೇ, ಅಲ್ಲಿ ಮೇಸ್ತ್ರಿಯ ಬದಲು ಎಚ್‌ಆರ್ ಇರುತ್ತಾರೆ.

ಹದಿಹರೆಯದ ಮಕ್ಕಳನ್ನು ಅಪ್ಪ ಅಮ್ಮ ಕರೆತಂದಾಗ ಒಪ್ಪಿಗೆ ಹೆತ್ತವರದ್ದು ಬೇಕು, ಮನಸ್ಸು ಮಗುವಿನದ್ದೂ ಬೇಕು. ಏನನ್ನು ಮನೆಯವರಿಗೆ ಹೇಳುತ್ತೇನೆ, ಏನನ್ನು ಇಲ್ಲ ಅಂತ ಮಗುವಿನ ಎದುರಲ್ಲೇ ಗೆರೆ ಎಳೆಯಿರಿ.

ಕಟ್ ಪ್ರಾಕ್ಟೀಸ್ ಬಗ್ಗೆ ಒಂದೇ ಮಾತು: ಕಳಿಸಿದ್ದಕ್ಕೆ ಕಮಿಷನ್ ತೆಗೆದುಕೊಳ್ಳಬೇಡಿ, ಕೊಡಲೂ ಬೇಡಿ. ಉಡುಗೊರೆ? ಊರಿನಿಂದ ತಂದ ಹಲಸಿನ ಹಪ್ಪಳದ ಕಟ್ಟು ಬೇಡ ಅಂದರೆ ಅವಮಾನ, ಅದನ್ನು ತೆಗೆದುಕೊಂಡು ಪುಸ್ತಕದಲ್ಲಿ ಬರೆದಿಡುತ್ತೇನೆ. ಬೆಳ್ಳಿ ದೀಪ ಬಂದಿತ್ತು, ಕೈಮುಗಿದು ವಾಪಸ್ ಕಳಿಸಿದೆ.

5. ಬಾಯಿ ಬಿಡಲೇಬೇಕಾದ ಹೊತ್ತು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದರ 23ನೇ ಕಲಮು ಓದಿ, ಮತ್ತೆ ಮತ್ತೆ ಓದಿ. ಗುಟ್ಟು ಕಾಯುವುದು ರೋಗಿಯ ಹಕ್ಕು ಅಂತ ಅದು ಹೇಳುತ್ತದೆ. ಯಾವಾಗ ಬಿಡಬಹುದು ಅಂತಲೂ ಹೇಳುತ್ತದೆ: ಚಿಕಿತ್ಸೆಯಲ್ಲಿ ಜೊತೆಗಿರುವ ಇತರ ವೃತ್ತಿಯವರಿಗೆ ಬೇಕಾದಷ್ಟು, ರೋಗಿಯ ಪರವಾಗಿ ನೇಮಕವಾದ ಪ್ರತಿನಿಧಿಗೆ, ಬೇರೆಯವರಿಗೆ ಹಾನಿ ಆಗದಂತೆ ತಡೆಯಲು, ಜೀವಕ್ಕೆ ಅಪಾಯ ಇದ್ದಾಗ, ಈ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಮಂಡಳಿ ಇಲ್ಲವೇ ಕೋರ್ಟಿನ ಆದೇಶಕ್ಕೆ, ಸಾರ್ವಜನಿಕ ಸುರಕ್ಷತೆಗೆ. ಬೇಕಾದಷ್ಟು ಅಂದರೆ ಬೇಕಾದಷ್ಟೇ. ಆತ್ಮಹತ್ಯೆಯ ಅಪಾಯ ಇದೆ ಅಂತ ಅಣ್ಣನಿಗೆ ತಿಳಿಸುವಾಗ, ತಂಗಿಯ ಪ್ರೇಮದ ಕತೆಯೂ ಜೊತೆಗೆ ಹೋಗಬೇಕಾಗಿಲ್ಲ.

ಸಾಯುವ ಯೋಚನೆ ಬಗ್ಗೆ ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹೊಕ್ಕೀತು ಅನ್ನುವ ಹೆದರಿಕೆ ಬೇಡ. ಇದ್ದರೆ: ಹೇಗೆ, ಯಾವಾಗ, ಕೈಗೆ ಸಿಗುವ ಹಾಗೆ ಏನಿದೆ, ಮನೆಯಲ್ಲಿ ಯಾರಿದ್ದಾರೆ. ಮಾತ್ರೆ, ವಿಷ, ಹಗ್ಗ ದೂರ ಮಾಡಿಸಿ. ಒಂಟಿಯಾಗಿ ಮನೆಗೆ ಕಳಿಸಬೇಡಿ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ ಯಾವುದು, ಗೋವಾದಲ್ಲಾದರೆ ಬಾಂಬೋಳಿಯ ಸರ್ಕಾರಿ ಮನೋರೋಗ ಸಂಸ್ಥೆಗೆ ದಾರಿ ಹೇಗೆ, ಇದನ್ನು ಆ ದಿನ ಹುಡುಕಲು ಕೂರಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿನಲ್ಲಿ ಕನ್ನಡದಲ್ಲೂ ಮಾತಾಡಬಹುದು, ರಾತ್ರಿಯೂ ಸಿಗುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಕೊಡಿ. "ಪೊಲೀಸ್ ಕೇಸ್ ಆಗುತ್ತೆ" ಅಂತ ಮನೆಯವರು ಮುಚ್ಚಿಡಲು ನೋಡುತ್ತಾರೆ. ಅದೇ ಕಾಯ್ದೆಯ 115ನೇ ಕಲಮು ತೋರಿಸಿ: ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು.

ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಕಾಯ್ದೆ, ಬೇರೆ ಮಾತು. 2012ರ ಈ ಕಾಯ್ದೆಯ 19ನೇ ಕಲಮಿನಲ್ಲಿ ಸೈಕಾಲಜಿಸ್ಟ್ ಅಂತ ರಿಯಾಯಿತಿ ಇಲ್ಲ. ಮಗುವಿನ ಮೇಲೆ ಅಪರಾಧ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ಇಲ್ಲವೇ ಅವರ ವಿಶೇಷ ಮಕ್ಕಳ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ, ಇಲ್ಲ ಎರಡೂ. ಹದಿನೇಳು ವರ್ಷದ ಹುಡುಗಿ ತಾನೇ ಮೆಚ್ಚಿದ ಹುಡುಗನ ಬಗ್ಗೆ ಹೇಳಿದರೂ ಕಾಯ್ದೆಯ ಕಣ್ಣಿಗೆ ಅವಳು ಮಗುವೇ. ಇದು ನನಗೆ ಈಗಲೂ ನುಂಗಲಾಗದ ತುತ್ತು. ನಾನು ಮಾಡುವುದು ಇಷ್ಟು: ಹದಿನೆಂಟು ತುಂಬದವರಿಗೆ ಮೊದಲ ಭೇಟಿಯಲ್ಲೇ ಇದನ್ನು ಬಿಡಿಸಿ ಹೇಳುತ್ತೇನೆ. ಆಮೇಲೆ ಏನು ಹೇಳಬೇಕು ಅನ್ನುವುದು ಅವರ ಕೈಯಲ್ಲಿರುತ್ತದೆ. ಹೇಳಿಸಿಕೊಂಡು ಆಮೇಲೆ ಕಾನೂನು ತೆಗೆಯುವುದು ಮೋಸ. ಮಕ್ಕಳ ಸಹಾಯವಾಣಿ 1098.

ಗಂಡನ ಹೊಡೆತ ತಿನ್ನುವ ವಯಸ್ಕ ಹೆಂಗಸಿನ ವಿಷಯದಲ್ಲಿ ಹಾಗಿಲ್ಲ. ದೂರು ಕೊಡಬೇಕೋ ಬೇಡವೋ ಅವಳ ತೀರ್ಮಾನ. ದಾರಿ ತೋರಿಸುವುದು ನಮ್ಮ ಕೆಲಸ: 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣಾಧಿಕಾರಿ, ಮಹಿಳೆಯರ ಸಹಾಯವಾಣಿ 181, ಮುಂಬೈಯಲ್ಲಿ 1984ರಿಂದ ಪೊಲೀಸ್ ವ್ಯವಸ್ಥೆಯ ಒಳಗೇ ಕೆಲಸ ಮಾಡುತ್ತಿರುವ ಮಹಿಳೆಯರ ಮತ್ತು ಮಕ್ಕಳ ವಿಶೇಷ ಘಟಕ. ಹೊಡೆತ ನಡೆಯುತ್ತಿರುವಾಗ ಗಂಡಹೆಂಡತಿಯನ್ನು ಒಟ್ಟಿಗೆ ಕೂರಿಸಿ ಸಂಧಾನ ಮಾಡಿಸಬೇಡಿ. ಕೋಣೆಯಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಪೆಟ್ಟು ಬೀಳುತ್ತದೆ.

ಕೋರ್ಟು. ಕ್ಲೈಂಟಿನ ಮಾತು ಹೇಳದಿರಲು ವಕೀಲರಿಗೆ ಇರುವ ರಕ್ಷಣೆ ನಮಗಿಲ್ಲ, ಸಮನ್ಸ್ ಬಂದರೆ ಹೋಗಬೇಕು. ಆದರೆ ವಕೀಲರ ಪತ್ರ ಕೋರ್ಟಿನ ಆದೇಶ ಅಲ್ಲ, ಗಾಬರಿಯಾಗಿ ಫೈಲು ಕೊಡಬೇಡಿ. ವಿಚ್ಛೇದನದ ಹೊತ್ತಿನಲ್ಲಿ "ಮಗು ತಾಯಿ ಹತ್ತಿರ ಇದ್ದರೆ ಒಳ್ಳೆಯದು ಅಂತ ಎರಡು ಸಾಲು ಬರೆದುಕೊಡಿ" ಅನ್ನುತ್ತಾರೆ. ತಂದೆಯನ್ನು ನೋಡೇ ಇಲ್ಲ, ಏನಂತ ಬರೆಯುವುದು? ಕಂಡದ್ದನ್ನು ಬರೆಯಿರಿ. ಕಾಣದವರ ಬಗ್ಗೆ ಒಂದಕ್ಷರ ಬೇಡ.

6. ಯಾರ ಕನ್ನಡ?

ನನ್ನದು ಉಡುಪಿ ಕಡೆಯ ಕನ್ನಡ. ವಾಸ್ಕೋದಲ್ಲಿ ಒಬ್ಬಾಕೆ "ಜೀವ ಬ್ಯಾಸರಾಗೇದ್ರಿ" ಅಂದಳು. ನಮ್ಮ ಕಡೆ ಬೇಜಾರು ಅಂದರೆ ದುಃಖ. ಬೆಂಗಳೂರಿನವರು ಹೊತ್ತು ಹೋಗದಿದ್ದರೂ ಬೇಜಾರು ಅನ್ನುತ್ತಾರೆ. ಅವಳದ್ದು ಬರೀ ದಣಿವೋ, ಬದುಕೇ ಸಾಕಾಗಿದೆಯೋ? ಊಹಿಸಿ ಬರೆದುಕೊಂಡಿದ್ದರೆ ದೊಡ್ಡ ತಪ್ಪಾಗುತ್ತಿತ್ತು. "ಬ್ಯಾಸರ ಅಂದ್ರ ಹೆಂಗವ್ವಾ? ಸಾಯಬೇಕು ಅನ್ನಸ್ತದೇನು?" ಅಂತ ಅವಳ ಮಾತಿನಲ್ಲೇ ಕೇಳಿದೆ. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಳು. ಆಮೇಲೆ "ಹೂಂ" ಅಂದಳು.

ಕನ್ನಡ ಬರುತ್ತೆ ಅಂದ ಮಾತ್ರಕ್ಕೆ ಎಲ್ಲರ ಕನ್ನಡ ಬರುತ್ತೆ ಅಂತಲ್ಲ. ತಿಳಿಯದಿದ್ದರೆ ಕೇಳಿ, ನಾಚಿಕೆ ಬೇಡ. ಮತ್ತೆ ಒಂದು: ಮನೆಯ ಮಗುವನ್ನು ದುಭಾಷಿ ಮಾಡಬೇಡಿ. ಶಾಲೆಗೆ ಹೋಗುವ ಮಗಳು ತಾಯಿಯ ದುಃಖವನ್ನು ಹಿಂದಿಯಲ್ಲಿ ಹೇಳುವುದನ್ನು ನಾನು ನೋಡಿದ್ದೇನೆ.

ಪರೀಕ್ಷೆಗಳ ವಿಷಯಕ್ಕೆ ಬಂದರೆ ಇನ್ನೂ ಹುಷಾರಾಗಿರಬೇಕು. 1934ರಲ್ಲಿ ವಿ. ವಿ. ಕಾಮತ್ ಅವರು ಬಿನೆ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ ಪ್ರಕಟಿಸಿದರು. ನಮ್ಮ ಎರಡೂ ಭಾಷೆಯ ಮಕ್ಕಳಿಗೆ ಅಷ್ಟು ಹಿಂದೆಯೇ ಈ ಕೆಲಸ ಆಗಿತ್ತು ಅಂತ ಹೆಮ್ಮೆ ಪಡಬಹುದು. ಬಿನೆ-ಕಾಮತ್ ಇವತ್ತಿಗೂ ಬಳಕೆಯಲ್ಲಿದೆ. ಆದರೆ ಆಗಿನ ಮಕ್ಕಳೇ ಬೇರೆ. ಇವತ್ತು ಡೊಂಬಿವಲಿಯ ಮಗು ಮನೆಯಲ್ಲಿ ತುಳು ಇಲ್ಲ ಕನ್ನಡ, ಕಟ್ಟಡದ ಕೆಳಗೆ ಮರಾಠಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಪದಗಳ ಭಾಗದಲ್ಲಿ ಅಂಕ ಬೀಳುತ್ತದೆ, ಬುದ್ಧಿ ಕಡಿಮೆ ಅಂತ ವರದಿ ಹೋಗುತ್ತದೆ. ಯಾವ ಭಾಷೆಯಲ್ಲಿ ಪರೀಕ್ಷೆ ಮಾಡಿದಿರಿ, ಮಗು ಯಾವ ಭಾಷೆಯಲ್ಲಿ ಉತ್ತರಿಸಿತು, ಎಲ್ಲಿ ನೀವೇ ಅನುವಾದ ಮಾಡಿ ಕೇಳಿದಿರಿ, ಇಷ್ಟನ್ನು ವರದಿಯಲ್ಲಿ ಬರೆಯಲೇಬೇಕು. ಪ್ರಶ್ನೆಪತ್ರಿಕೆಯನ್ನು ಹೆತ್ತವರ ವಾಟ್ಸಾಪ್‌ಗೆ ಕಳಿಸಬೇಡಿ. ಕಲಿಕೆಯ ತೊಂದರೆಗೆ ಬೋರ್ಡ್ ಪರೀಕ್ಷೆಯಲ್ಲಿ ರಿಯಾಯಿತಿ ಬೇಕಾದರೆ ಸರ್ಕಾರ ಗೊತ್ತುಮಾಡಿದ ಆಸ್ಪತ್ರೆಯ ಪ್ರಮಾಣಪತ್ರ ಬೇಕು ಅಂತ, ಫೀಸು ತೆಗೆದುಕೊಳ್ಳುವ ಮೊದಲೇ ಹೇಳಿಬಿಡಿ.

7. ಕೆಲವನ್ನು ಮಾಡಲ್ಲ ಅನ್ನಬೇಕು

"ಹುಡುಗಿ ಬೇಡ ಅಂತಾನೆ, ಹುಡುಗರ ಸಂಗ ಅಂತೆ, ಸರಿ ಮಾಡಿಕೊಡಿ" ಅಂತ ಹೆತ್ತವರು ಬರುತ್ತಾರೆ. ಅದು ಕಾಯಿಲೆ ಅಲ್ಲ, ಸರಿ ಮಾಡುವುದಕ್ಕೆ ಏನೂ ಇಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಇಂಥ "ಬದಲಿಸುವ ಚಿಕಿತ್ಸೆ" ವೃತ್ತಿದ್ರೋಹ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೈದ್ಯರಿಗೆ ಹೇಳಿತು. ನಮಗೂ ಬೇರೆ ಲೆಕ್ಕ ಇಲ್ಲ. ಹುಡುಗನನ್ನು ಬಿಟ್ಟು ಅಪ್ಪ ಅಮ್ಮನ ಜೊತೆ ನಾಲ್ಕು ಸಲ ಕೂರುತ್ತೇನೆ ಅನ್ನಿ. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ದೈವ, ದರ್ಶನ, ನಾಗನ ಕತೆ ಬಂದರೆ ನಗಬೇಡಿ, ನೀವೇ ಮೈಮೇಲೆ ದೈವ ಬರುವ ಪಾತ್ರಿ ಆಗಲೂ ಹೋಗಬೇಡಿ. ಅಲ್ಲಿ ಹೋಗಿ ಬಂದದ್ದರಿಂದ ಅವರಿಗೆ ಏನಾಯಿತು ಅಂತ ಕೇಳಿ. ಕೋಲ ಆಗಲಿ, ಮಾತ್ರೆಯೂ ನಿಲ್ಲದಿರಲಿ. ಹೊಡೆದು ದೆವ್ವ ಬಿಡಿಸುವುದು, ಸರಪಳಿ ಹಾಕಿ ಕಟ್ಟುವುದು ಕಂಡರೆ ಮಾತ್ರ ಮುಲಾಜಿಲ್ಲ. ಹೊಡೆತದ ವಿರುದ್ಧ ಮಹಾರಾಷ್ಟ್ರದ 2013ರ ಮಾಟಮಂತ್ರ ವಿರೋಧಿ ಕಾಯ್ದೆ ಇದೆ, ಸರಪಳಿಯನ್ನು ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ.

8. ಫೋನು, ಗೋಡೆ, ಕಪಾಟು

ಆನ್‌ಲೈನ್ ಸೆಷನ್ ಶುರುವಾದ ಕೂಡಲೇ ಮೂರು ಪ್ರಶ್ನೆ: ಈಗ ಎಲ್ಲಿದ್ದೀರಿ, ಹತ್ತಿರ ಯಾರಿದ್ದಾರೆ, ತುರ್ತಾದರೆ ಯಾರಿಗೆ ಫೋನ್ ಮಾಡಲಿ. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಗುಟ್ಟು ಮಾತಾಡಲು ಜಾಗ ಎಲ್ಲಿ? ನನ್ನ ಕ್ಲೈಂಟ್‌ಗಳು ಮೆಟ್ಟಿಲ ಮೇಲೆ, ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ, ನಿಂತ ರಿಕ್ಷಾದ ಒಳಗೆ ಕೂತು ಮಾತಾಡಿದ್ದಾರೆ. ಯಾರಾದರೂ ಬಂದರೆ ಹೇಳಲು ಒಂದು ಮಾತು ಗೊತ್ತುಮಾಡಿಕೊಳ್ಳಿ. ಒಬ್ಬಾಕೆ "ಉಪ್ಪಿನಕಾಯಿಗೆ ಸಾಸಿವೆ ಎಷ್ಟು ಹಾಕಬೇಕು ಅಕ್ಕ?" ಅನ್ನುತ್ತಿದ್ದಳು. ನಾನು ತಕ್ಷಣ ಸಾಸಿವೆ ಲೆಕ್ಕ ಹೇಳಲು ಶುರು ಮಾಡುತ್ತಿದ್ದೆ. ಅತ್ತೆ ಒಮ್ಮೆ ಫೋನ್ ತೆಗೆದುಕೊಂಡು ತಿದ್ದಿದ್ದೂ ಉಂಟು.

ಫೋನಿನಲ್ಲಿ ಕ್ಲೈಂಟ್ ಹೆಸರನ್ನು ಪೂರ್ತಿ ಹಾಕಬೇಡಿ. ಯುಪಿಐ ಸ್ಕ್ಯಾನ್ ಮಾಡಿದರೆ ಯಾವ ಹೆಸರು ಬರುತ್ತದೆ ಅಂತ ನೋಡಿ. ನನ್ನ ಖಾತೆ ಮೊದಲು "ಮನೋ" ಅಂತ ಶುರುವಾಗುವ ಹೆಸರಿನಲ್ಲಿತ್ತು. ಜಂಟಿ ಖಾತೆಯ ಮೆಸೇಜು ಗಂಡನ ಫೋನಿಗೆ ಹೋಗಿ ಒಂದು ಮನೆಯಲ್ಲಿ ರಾದ್ಧಾಂತ ಆಯಿತು. ತಪ್ಪು ನನ್ನದೇ. ಈಗ ನನ್ನ ಸ್ವಂತ ಹೆಸರು ಮಾತ್ರ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆಯೂ ಈಗ ಇದೆ. ಬೇಡದ್ದನ್ನು ಸಂಗ್ರಹಿಸಲೇ ಬೇಡಿ.

ಬರೆದಿಡುವುದನ್ನು ಕ್ಲೈಂಟ್ ನಾಳೆ ಓದುತ್ತಾರೆ ಅಂತಲೇ ಬರೆಯಿರಿ. ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಮು ಅವರಿಗೆ ದಾಖಲೆ ನೋಡುವ ಹಕ್ಕು ಕೊಟ್ಟಿದೆ. "ಹಟಮಾರಿ ಹೆಂಗಸು" ಅಂತ ಬರೆಯಬೇಡಿ, ಏನು ಹೇಳಿದರು ಅಂತ ಬರೆಯಿರಿ. ಕೇಸಿನ ಬಗ್ಗೆ ಸೂಪರ್‌ವಿಷನ್ ಬೇಕೇ ಬೇಕು, ಎಷ್ಟು ವರ್ಷ ಅನುಭವ ಇದ್ದರೂ. ಬಾಗಿಲು ಹಾಕಿದ ಕೋಣೆಯಲ್ಲಿ. ನಾನಂತೂ ಲೋಕಲ್‌ನಲ್ಲಿ ಈಗ ಫೋನೇ ಎತ್ತುವುದಿಲ್ಲ.

9. ನೀವು ನಾಳೆ ಬರದಿದ್ದರೆ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಿಮಗೆ ಡೆಂಗ್ಯೂ ಆಗಿ ಎರಡು ವಾರ ಮಲಗಿದರೆ, ಇಲ್ಲ ಹಳಿ ದಾಟುವಾಗ ಏನಾದರೂ ಆದರೆ, ಸೋಮವಾರ ಹನ್ನೊಂದಕ್ಕೆ ಬರುವವರಿಗೆ ಯಾರು ಹೇಳುತ್ತಾರೆ? ಕಪಾಟು ಯಾರು ತೆರೆಯುತ್ತಾರೆ? ಗಂಡ, ಮಕ್ಕಳು ತೆರೆಯಬಾರದು.

ಠಾಣೆಯ ಒಬ್ಬ ಮರಾಠಿ ಸಹೋದ್ಯೋಗಿಯ ಹತ್ತಿರ ಒಂದು ಲಕೋಟೆ ಇಟ್ಟಿದ್ದೇನೆ. ಈಗ ಬರುತ್ತಿರುವವರ ಮೊದಲಕ್ಷರ, ಫೋನ್ ನಂಬರ್, ಯಾರಿಗೆ ಮೊದಲು ಫೋನ್ ಮಾಡಬೇಕು, ಯಾರ ಮನೆಗೆ ಮಾಡಲೇಬಾರದು ಅನ್ನುವ ಸಣ್ಣ ಟಿಪ್ಪಣಿ, ಕಪಾಟಿನ ಕೀಲಿ. ಮೂರು ತಿಂಗಳಿಗೊಮ್ಮೆ ಹಳೆಯದನ್ನು ಹರಿದು ಹೊಸದು ಕೊಡುತ್ತೇನೆ. ಕಳೆದ ಸಲ ಆಕೆ ಕೇಳಿದಳು, "ನಿನ್ನ ನೋಟ್ಸ್ ಎಲ್ಲ ಕನ್ನಡದಲ್ಲಿವೆ, ನಾನು ಹೇಗೆ ಓದಲಿ?" ಓದುವುದು ಬೇಡ, ಫೋನ್ ಮಾಡಿದರೆ ಸಾಕು ಅಂದೆ.